ಉರುಮೆಗೆ ಎದ್ದು ನಿಂತ ನವಣೆ

ಇಲಿ ಹಿಡಿಯಲು ಬೋನು ಇಡುವ ಮನೆಗೆ ಇಲಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿಕೊಂಡು ತಂದವಳು ಸುಪ್ರಿಯಾ. ಚಿತ್ರದುರ್ಗದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಜೊತೆಯ ಗೆಳತಿ ಮದುವೆಯಾಗಿ ಊರು ಬಿಡುವಾಗ ಈ ಜೋಡಿಯನ್ನು ಇವಳ ಕೊರಳಿಗೆ ಕಟ್ಟಿದ್ದಳು. ರೂಮಿನ ಓನರಮ್ಮ ಎರಡೇ ದಿನಕ್ಕೆ ಗೇಟು ತೋರಿಸಿದ್ದಳು. ಹಾಗಾಗಿ ಒಂದು ಭಾನುವಾರ ಐಮಂಗಲದಲ್ಲಿ ಬಸ್ಸಿಳಿದು, ಮೀನಿನ ತೊಟ್ಟಿಯಂಥ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಯ ಮುಂದೆ ಬಂದು ನಿಂತಳು.

"ಇವು ಇಲಿ ಅಲ್ಲಮ್ಮ, ಜರ್ಬಿಲ್. ಮರಳುಗಾಡಿನವು, ಸಾಕಾಕೆ ಅಂತ್ಲೇ ಮಾರ್ತಾರೆ," ಎಂದಳು.

ತಾಯಿ ಕಾಟಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಗ್ಗಿ ನೋಡಿದಳು. ಮೀಸೆ ಇತ್ತು, ಗುಂಡು ಕಣ್ಣಿತ್ತು, ಉದ್ದನೆಯ ಬಾಲವೂ ಇತ್ತು. ಬಾಲದ ತುದಿಯಲ್ಲಿ ಮಾತ್ರ ಕೂದಲಿನ ಸಣ್ಣ ಕುಚ್ಚು.

"ಬಾಲಕ್ಕೆ ಕುಚ್ಚು ಕಟ್ಟಿದ ಮಾತ್ರಕ್ಕೆ ಇಲಿ ಇಲಿ ಅಲ್ಲ ಅಂತಾಗ್ತೈತಾ? ದುರ್ಗಕ್ಕೆ ಹೋಗಿ ದುಡಿದು ತಂದಿದ್ದು ಇದನ್ನಾ? ಬೆಟ್ಟ ಅಗೆದು ಇಲಿ ಹಿಡಿದಂಗಾತು."

"ಬೇರೆ ರೂಮ್ ಸಿಗೋವರೆಗೆ ಇಟ್ಕಳಮ್ಮ. ಒಂದು ತಿಂಗಳು."

ಹಾಗೆಂದು ಬಿಟ್ಟುಹೋದ ಯಾವ ವಸ್ತುವೂ ಯಾವ ತಾಯಿಯ ಮನೆಯಿಂದಲೂ ಒಂದು ತಿಂಗಳಿಗೆ ವಾಪಸ್ಸು ಹೋದ ದಾಖಲೆ ಈ ಸೀಮೆಯಲ್ಲಿಲ್ಲ. ಪೆಟ್ಟಿಗೆ ನಡುಮನೆಯ ಬಾಗಿಲ ಪಕ್ಕ ಕುಳಿತುಕೊಂಡಿತು. ಒಳಗೆ ಮೊಣಕೈ ಮುಳುಗುವಷ್ಟು ತೆಂಗಿನ ನಾರಿನ ಪುಡಿ, ಮೇಲೆ ತಂತಿಯ ಜಾಲರಿ. ಒಂದರ ಮೈ ಹಳದಿ, ಇನ್ನೊಂದರದ್ದು ಕಂದು. ಮೂರನೆಯ ದಿನಕ್ಕೆ ಕಾಟಮ್ಮ ಅವುಗಳನ್ನು ನವಣೆ, ರಾಗಿ ಎಂದು ಕರೆಯತೊಡಗಿದ್ದಳು. ಬೈಯುವುದಕ್ಕಾದರೂ ಒಂದು ಹೆಸರು ಬೇಕಲ್ಲ.

ಬೈಗುಳ ನಿಲ್ಲಿಸಿದ್ದು ಕುಕ್ಕರ್. ಬೇಳೆಯ ಮೊದಲ ಸೀಟಿ ಕೂಗಿದ್ದೇ ತಡ, ರಾಗಿ ಪೆಟ್ಟಿಗೆಯ ನಡುವೆ ಬಂದು ಎರಡೂ ಹಿಂಗಾಲುಗಳಿಂದ ನೆಲವನ್ನು ದಬ್ ದಬ್ ಎಂದು ಕುಟ್ಟಿತು. ನವಣೆ ಬಿಲ ಸೇರಿತು. ಅದು ಪೂರ್ತಿ ಒಳಗೆ ಹೋದ ಮೇಲೆಯೇ ರಾಗಿ ತಾನು ಹೋಯಿತು. ಕಾಟಮ್ಮ ಅದನ್ನು ನೋಡುತ್ತ ನಿಂತಳು, ಬೇಳೆ ಕರಗಿ ಗಂಜಿಯಾಯಿತು.

"ಹೆದ್ರಿಕೆ ಅಮ್ಮ ಅದು," ಎಂದು ಸುಪ್ರಿಯಾ ಫೋನಿನಲ್ಲಿ ಹೇಳಿದಳು. "ಕಾಲು ಕುಟ್ಟಿ ತನ್ನ ಬಿಲದೋರಿಗೆ ತಿಳಿಸ್ತೈತೆ. ನೆಲದಾಗೆ ಬರೋ ಸದ್ದು ಅವಕ್ಕೆ ಚೆನ್ನಾಗಿ ತಿಳೀತದೆ."

ತಾನು ಓಡುವ ಮುಂಚೆ ಮನೆಯವರಿಗೆ ಹೇಳಿ ಓಡುವ ಪ್ರಾಣಿ! ಮನುಷ್ಯರಲ್ಲಿ ಹಾಗೆ ಮಾಡುವವರನ್ನು ಕಾಟಮ್ಮ ಎಣಿಸಿ ನೋಡಿದಳು, ಒಂದು ಕೈಯ ಬೆರಳೂ ಮುಗಿಯಲಿಲ್ಲ. ಆವತ್ತು ಅವಳು ಮೊದಲ ಸಲ ಜಾಲರಿ ಸರಿಸಿ ತನ್ನ ಕೈಯಾರೆ ನಾಲ್ಕು ಸೂರ್ಯಕಾಂತಿ ಬೀಜ ಹಾಕಿದಳು.

ಆಮೇಲೆ ಅವಳಿಗೆ ಅದೇ ಒಂದು ಅಧ್ಯಯನವಾಯಿತು. ಮಿಕ್ಸಿ ಹಾಕಿದರೆ ಅವು ಅರ್ಧ ಗಂಟೆ ಮುಖ ತೋರಿಸುತ್ತಿರಲಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ಎಷ್ಟು ಹಾರನ್ ಹೊಡೆದರೂ ಲೆಕ್ಕಕ್ಕಿಲ್ಲ. ಟಿವಿ ಧಾರಾವಾಹಿಯಲ್ಲಿ ಅತ್ತೆಯ ಮುಖವನ್ನು ಮೂರು ಸಲ ತೋರಿಸಿ ಮೂರು ಸಲ ಢಣ್ ಎನ್ನಿಸುವಾಗ ಮೂರು ಸಲವೂ ಒಳಗೋಡುತ್ತಿದ್ದವು, ನಾಲ್ಕನೆಯದು ಇಲ್ಲವೆಂದು ಖಾತ್ರಿಯಾದ ಮೇಲೆ ಇಣುಕುತ್ತಿದ್ದವು. ಬೀಜದ ಪ್ಲಾಸ್ಟಿಕ್ ಕವರು ಸರಕ್ಕೆಂದರೆ ಸಾಕು, ಎಂಥ ನಿದ್ದೆಯಿಂದಲೂ ಎದ್ದು ಬರುತ್ತಿದ್ದವು. ರೇಡಿಯೋದ ಕೊಳಲಿಗೆ ನವಣೆ ತಲೆ ಓರೆ ಮಾಡುತ್ತಿತ್ತು, ರಾಗಿ ಹಲ್ಲಿಗೆಂದು ಹಾಕಿದ ರಟ್ಟು ಕಡಿಯುವುದನ್ನು ನಿಲ್ಲಿಸುತ್ತಲೇ ಇರಲಿಲ್ಲ. ಆದರೆ ಅವುಗಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕಾಟಮ್ಮನ ಮೊರದ ಸದ್ದು. ಅವಳು ಹೊಸ್ತಿಲಲ್ಲಿ ಕುಳಿತು ಸಜ್ಜೆ ಕೇರತೊಡಗಿದರೆ ಎರಡೂ ಗಾಜಿಗೆ ಮೈ ತಾಗಿಸಿ ಕುಳಿತು ಹಲ್ಲು ಮಸೆಯುತ್ತಿದ್ದವು. ಅದು ಸಿಟ್ಟಲ್ಲ, ಸಂತೋಷವಂತೆ. ಕಾಟಮ್ಮನ ಕೇರುವಿಕೆಗೆ ಸಂತೋಷಪಟ್ಟವರು ಆ ಮನೆಯಲ್ಲಿ ಇವೇ ಮೊದಲು.

ಒಂದು ಮಧ್ಯಾಹ್ನ ತೊಳೆದ ಹಿತ್ತಾಳೆ ಕೊಳಗ ಅವಳ ಕೈಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ಮನೆಯೆಲ್ಲ ಝಣಗುಟ್ಟಿತು. ತಿರುಗಿ ನೋಡಿದರೆ ರಾಗಿ ಮಗುಚಿ ಬಿದ್ದು, ಕಿವಿ ಹಿಂದಕ್ಕೆ ಮಡಚಿ ಗಡಗಡ ನಡುಗುತ್ತಿದೆ. ಕಾಟಮ್ಮ ಫೋನಿಗೆ ಓಡಿದಳು. ಸುಪ್ರಿಯಾ ಫೋನಿನಲ್ಲಿ, ಮುಟ್ಟಬೇಡ, ಸುಮ್ಮನೆ ಬಿಡು, ದಿಢೀರ್ ಹೆದರಿಕೆಗೆ ಕೆಲವಕ್ಕೆ ಹಾಗಾಗುತ್ತದೆ ಎಂದಳು. ಎರಡು ನಿಮಿಷಕ್ಕೆ ಅದು ಎದ್ದು ಕುಳಿತು ಮುಖ ಒರೆಸಿಕೊಂಡಿತು. ಕಾಟಮ್ಮ ಮಾತ್ರ ಸಂಜೆಯವರೆಗೂ ಕಣ್ಣೊರೆಸಿಕೊಂಡಳು. ಮರುದಿನವೇ ಪಾತ್ರೆ ಇಡುವ ಜಾಗಕ್ಕೆಲ್ಲ ಗೋಣಿ ಹಾಸಿದಳು.

ಅವಳನ್ನು ಕಾಡಿದ್ದು ಇನ್ನೊಂದು ವಿಷಯ. ಕೊಳಗ ಬಿದ್ದಾಗ ಅವಳ ಗಂಡ ಓಬಯ್ಯ ಹತ್ತೇ ಮಾರಿನಾಚೆ ಜಗಲಿಯಲ್ಲಿ ಬೆನ್ನು ಮಾಡಿ ಕುಳಿತಿದ್ದ. ಸ್ವಲ್ಪ ಹೊತ್ತಿನ ಮೇಲೆ ಒಳಕ್ಕೆ ಕತ್ತು ಚಾಚಿ, "ಯಾರೋ ಬಾಗಿಲು ತಟ್ಟಿದಂಗಾತು, ನೋಡೇ," ಎಂದ.

ಓಬಯ್ಯನ ಕಿವಿ ಅಂದರೆ ಬರೀ ಓಬಯ್ಯನ ಕಿವಿಯಲ್ಲ. ಅವನದು ಆರು ಜನರ ಉರುಮೆ ಮೇಳ. ಉರುಮೆ ನಡು ಸಣ್ಣಗಿರುವ, ಎರಡು ಮುಖದ ಚರ್ಮವಾದ್ಯ. ಒಂದು ಮುಖವನ್ನು ಬಡಿಯಬೇಕು, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜಬೇಕು. ಉಜ್ಜಿದಾಗ ಬರುವ ಗುಂಗು ನೆಲದೊಳಗಿಂದ ಎದ್ದಂತಿರುತ್ತದೆ. ಹವೆಯಲ್ಲಿ ತೇವವಿದ್ದರೆ ಚರ್ಮ ಸಡಿಲವಾಗುತ್ತದೆ, ಬೆಂಕಿಯ ಕಾವಿಗೆ ಹಿಡಿಯಬೇಕು. ಅವರ ಮೇಳದಲ್ಲಿ ಅದಕ್ಕೊಂದು ಕಟ್ಟಳೆ. ಮೊದಲು ಮೇಳದ ಹಿರಿಯ ತನ್ನ ಉರುಮೆಯನ್ನು ಕಾಯಿಸಿ, ಉಜ್ಜಿ ನೋಡಿ, ನಾದ ಹದಕ್ಕೆ ಬಂದಾಗ "ಬಂತು" ಎನ್ನಬೇಕು. ಅವನು ಹಾಗೆಂದ ಮೇಲೆ ಉಳಿದವರು ತಮ್ಮ ಉರುಮೆಯ ಹುರಿಯನ್ನು ಎಳೆದೋ ಬಿಟ್ಟೋ ಅವನದಕ್ಕೆ ಹೊಂದಿಸಿಕೊಳ್ಳಬೇಕು. ಆ ಒಂದು ಮಾತು ಓಬಯ್ಯನ ಅಪ್ಪನದಾಗಿತ್ತು, ಈಗ ಮೂವತ್ತು ವರ್ಷದಿಂದ ಅವನದು.

ಆಷಾಢದ ಗಾಳಿ ಏಳುತ್ತಿದ್ದ ದಿನಗಳಲ್ಲಿ ಮಾರುತೇಶ್ ಬಂದ. ಓಬಯ್ಯನ ಅಕ್ಕನ ಮಗ, ಮೇಳದಲ್ಲಿ ಎರಡನೆಯವನು. ಮಾವ ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬಂದಿದ್ದ.

"ಅತ್ತೆ, ಹೋದ ತಿಂಗಳು ಹೊಸದುರ್ಗದ ಮೆರವಣಿಗೆಯಾಗೆ ಮಾವ ಬಂತು ಅಂದ್ರು. ಬಂದಿರಲಿಲ್ಲ."

"ಮತ್ತೆ ನೀವೇನ್ ಮಾಡಿದ್ರಿ?"

"ನಮ್ಮವೆಲ್ಲ ಬಿಗಿಯಾಗಿದ್ವು. ಹುರಿ ಸಡ್ಲ ಮಾಡ್ಕಂಡು ಮಾವಂದಕ್ಕೆ ಇಳಿಸ್ಕಂಡ್ವಿ. ಎರಡು ತಾಸು ಬಡಿದ್ವಿ, ಒದ್ದೆ ಗೋಣಿ ಬಡಿದಂಗೆ."

"ಐದು ಜನದಾಗೆ ಒಬ್ರಿಗೂ ಬಾಯಿ ಇರಲಿಲ್ವಾ?"

"ಬಂತು ಅಂದ್ರೆ ಏನು ಅಂತ ನಮಗೆ ಕಲ್ಸಿದ್ದೇ ಮಾವ. ಅವರಿಗೆ ಹೋಗಿ ಬಂದಿಲ್ಲ ಅಂತ ಹೆಂಗ್ ಹೇಳಾದು? ಬರೋ ವಾರ ದುರ್ಗದಾಗೆ ಸರ್ಕಾರದ ಉತ್ಸವಕ್ಕೆ ಮೇಳಗಳ ಆಯ್ಕೆ ಐತೆ. ತಿಳಿದೋರು ಕುಂತಿರ್ತಾರೆ. ಅಲ್ಲೂ ಹಿಂಗಾದ್ರೆ ಮಾವ ತಲೆ ಎತ್ತಂಗಿಲ್ಲ. ನೀವೇ ಹೇಳ್ರಿ ಅತ್ತೆ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಐದು ಜನ ಗಂಡಸರು ಯೋಚಿಸಿ ಯೋಚಿಸಿ ಕೊನೆಗೆ ಗಂಟೆಯನ್ನು ತಂದು ಕಾಟಮ್ಮನ ಕೈಗಿಟ್ಟಿದ್ದರು. ಅವಳಿಗೆ ಗಂಡನ ಮೇಲೆ ಮರುಕ ಬಂದಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಆ ಒಂದು ಮಾತನ್ನು ಅವನಿಂದ ಕಿತ್ತುಕೊಂಡರೆ ಅವನಲ್ಲಿ ಏನು ಉಳಿಯುತ್ತದೆಂದು ಅವಳಿಗೆ ತಿಳಿಯಲಿಲ್ಲ.

ಮರುದಿನದಿಂದ ಅಂಗಳದಲ್ಲಿ ತಾಲೀಮು ಶುರುವಾಯಿತು. ತೆಂಗಿನ ಗರಿಯ ಬೆಂಕಿ, ಸುತ್ತ ಆರು ಜನ. ಕೊಳಗದ ನೆನಪಿಗೆ ಹೆದರಿ ಕಾಟಮ್ಮ ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಒಯ್ಯಲೆಂದು ಎದ್ದಳು. ಆದರೆ ಉರುಮೆ ಹೊಂಚು ಹಾಕಿ ಮೇಲೆ ಬೀಳುವ ಸದ್ದಲ್ಲ, ಉಜ್ಜುತ್ತ ಉಜ್ಜುತ್ತ ಮೆಲ್ಲಗೆ ಏರುವ ಸದ್ದು. ಓಬಯ್ಯ ಉಜ್ಜಿ ನೋಡಿದ. ಇಲಿಗಳು ರಟ್ಟು ಕಡಿಯುತ್ತಲೇ ಇದ್ದವು. ಇನ್ನಷ್ಟು ಕಾಯಿಸಿ ಉಜ್ಜಿದ. ನವಣೆ ರಟ್ಟನ್ನು ಕೆಳಗೆ ಹಾಕಿತು. ಹಿಂಗಾಲ ಮೇಲೆ ನೆಟ್ಟಗೆ ಎದ್ದು ನಿಂತು, ಮುಂಗೈ ಎರಡನ್ನೂ ಎದೆಗೆ ಸೇರಿಸಿಕೊಂಡು, ಅಲುಗಾಡದೆ ಅಂಗಳದ ಕಡೆ ಕಿವಿ ನೆಟ್ಟಿತು. ರಾಗಿ ಎರಡು ಸಲ ಕುಟ್ಟಿತು. ಕುಟ್ಟಿತು, ಆದರೆ ಓಡಲಿಲ್ಲ. ಕಾಟಮ್ಮ ಪೆಟ್ಟಿಗೆ ಎತ್ತಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಹೆದರದೇ ಇದ್ದರೂ ಕುಟ್ಟುತ್ತವಾ ಎಂದು ಮಗಳನ್ನು ಕೇಳಿದಳು. ಖುಷಿ ಹೆಚ್ಚಾದರೂ ಕುಟ್ಟುವುದುಂಟು ಎಂದು ಉತ್ತರ ಬಂದಿತು.

ಅಂದಿನಿಂದ ಅವಳು ಬಾಗಿಲ ಬಳಿ ಮೊರ ಹಿಡಿದು ಕುಳಿತುಬಿಟ್ಟಳು. ಗಂಡ ಉರುಮೆ ಉಜ್ಜಿ ನೋಡುವಷ್ಟು ಹೊತ್ತು ಪೆಟ್ಟಿಗೆ ಅಲ್ಲೇ ಇರುತ್ತಿತ್ತು, ಆರೂ ಜನ ಬಡಿಯಲು ಶುರು ಮಾಡಿದರೆ ಒಳಕ್ಕೆ ಹೋಗುತ್ತಿತ್ತು. ನಡುವೆ ಅವಳದೊಂದು ಗುಟ್ಟಿನ ಆಟ. ಪ್ರತಿ ಸಲವೂ ಇಲಿಗಳನ್ನು ನೋಡುವ ಮೊದಲು, ಇದು ಬಂದಿದೆಯೋ ಇಲ್ಲವೋ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು. ಇಲ್ಲ ಎಂದುಕೊಂಡಾಗ ನವಣೆ ರಟ್ಟು ಕಡಿಯುತ್ತಿತ್ತು. ಹೌದು ಎಂದುಕೊಂಡಾಗ ಎದ್ದು ನಿಂತಿರುತ್ತಿತ್ತು. ಐದು ದಿನದಲ್ಲಿ ಒಂದು ಸಲವೂ ತಪ್ಪಲಿಲ್ಲ. ಸಾಸಿವೆ ಕಾಳಿನಷ್ಟು ತಲೆಯೊಳಗೆ ಅಂಥ ಕಿವಿಯನ್ನಿಟ್ಟವನ ಕೈಗೆ ಅವಳು ಮನಸ್ಸಿನಲ್ಲೇ ಮುಗಿದಳು. ತನ್ನ ಕಿವಿಯ ಬಗ್ಗೆ ಮಾತ್ರ ಅವಳಿಗೆ ಏನೂ ಅನ್ನಿಸಲಿಲ್ಲ. ಮದುವೆಯಾದಂದಿನಿಂದ ಅದೇ ಅಂಗಳದ ಉರುಮೆ ಕೇಳುತ್ತ ಕಾಳು ಕೇರಿದವಳು ಅವಳು. ಆದರೆ ಉರುಮೆ ಗಂಡಸರ ಕೆಲಸ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಹಿತ್ತಲ ಗಿಡಕ್ಕೂ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ.

ಆರನೆಯ ದಿನ ಜಿಟಿಜಿಟಿ ಹನಿಯಿತ್ತು. ಓಬಯ್ಯ ಕಾಯಿಸಿದ, ಉಜ್ಜಿದ, "ಬಂತು" ಎಂದ. ಐದು ಜನರೂ ತಲೆ ತಗ್ಗಿಸಿ ತಮ್ಮ ಹುರಿಗೆ ಕೈ ಹಾಕಿದರು. ಓಬಯ್ಯ ಮಾತ್ರ ಬಾಗಿಲ ಕಡೆ ನೋಡುತ್ತಿದ್ದ.

"ಅದ್ಯಾಕೆ ಇವತ್ತು ಎದ್ದಿಲ್ಲ?" ಎಂದ.

ಕಾಟಮ್ಮನ ಮೊರ ಜೋರಾಗಿ ಆಡಿತು. ತಾನೊಬ್ಬಳೇ ನೋಡುತ್ತಿದ್ದೇನೆ ಎಂದುಕೊಂಡಿದ್ದು ಸುಳ್ಳಾಯಿತು. ಅವನೂ ಆರು ದಿನದಿಂದ ಆ ಹಳದಿ ಇಲಿಯನ್ನು ನೋಡುತ್ತಿದ್ದ.

"ಲೇ ಮಾರುತೇಶ, ಹುರಿ ಯಾಕೆ ಸಡ್ಲ ಮಾಡ್ತಿದೀಯ?"

ಮಾರುತೇಶ್ ಬೆಂಕಿಯನ್ನು ನೋಡಿದ. ಉಳಿದವರು ತಂತಮ್ಮ ಕಾಲು ನೋಡಿಕೊಂಡರು. ಓಬಯ್ಯ ಉರುಮೆಯನ್ನು ಮತ್ತೆ ಕಾವಿಗೆ ಹಿಡಿದ. ಉಜ್ಜಿದ, ಬಾಗಿಲ ಕಡೆ ನೋಡಿದ. ಮತ್ತೆ ಹಿಡಿದ, ಮತ್ತೆ ಉಜ್ಜಿದ. ಮೂರನೆಯ ಸಲಕ್ಕೆ ನವಣೆ ಎದ್ದು ನಿಂತಿತು, ರಾಗಿ ದಬ್ ದಬ್ ಎಂದಿತು.

"ಹೊಸದುರ್ಗದಾಗೂ ಹಿಂಗೇನಾ?"

"ಹೂಂ ಮಾವ."

"ಎರಡು ತಾಸು?"

"ಹೂಂ."

ಓಬಯ್ಯ ಉರುಮೆಯನ್ನು ತೊಡೆಯಿಂದ ಇಳಿಸಿದ. "ಐದು ಜನ ಗಂಡಸ್ರಿಗೆ ಇಲ್ಲದ ಧೈರ್ಯ ಹಿಡಿಯಷ್ಟು ಇಲಿಗೆ ಐತೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಎಲ್ಲರಿಗೂ ಸಂಕಟವಾಯಿತು. ಎದ್ದು ಹೋಗಿ ಬೇವಿನ ಮರದ ಕೆಳಗೆ ಒಬ್ಬನೇ ಕುಳಿತ.

ಸಂಜೆ ಮಾತು ಬಂದಾಗ ಓಬಯ್ಯ, ನಾಳೆ ದುರ್ಗದಲ್ಲಿ "ಬಂತು" ಅನ್ನುವುದನ್ನು ನೀನೇ ಅನ್ನು ಎಂದು ಮಾರುತೇಶನಿಗೆ ಹೇಳಿದ. ನೀವು ಇರುವಾಗ ಆ ಮಾತು ನನ್ನ ಬಾಯಲ್ಲಿ ಬರುವುದಿಲ್ಲ ಎಂದು ಮಾರುತೇಶ್ ಕೈಮುಗಿದ. ಮುಗಿದ ಕೈಯನ್ನು ಬಿಡಿಸದೆಯೇ ಇನ್ನೊಂದು ದಾರಿ ತೋರಿಸಿದ. "ಟಾಟಾ ಏಸ್ ತರ್ತೀನಿ ಮಾವ. ಪೆಟ್ಟಿಗೆನೂ ಹಾಕ್ಕಂಡು ಹೋಗಾಣ. ಬಟ್ಟೆ ಮುಚ್ಚಿ ಪಕ್ಕದಾಗೆ ಇಟ್ಕಂಡ್ರೆ ಯಾರಿಗೆ ಗೊತ್ತಾಗ್ತೈತೆ?"

ಗಂಡನ ಮರ್ಯಾದೆಯ ಪ್ರಶ್ನೆ, ಬೇಡ ಎನ್ನಲು ಕಾಟಮ್ಮನಿಗೆ ಬಾಯಿಲ್ಲ. ಆದರೆ ಕಣ್ಣ ಮುಂದೆ ಮಗುಚಿ ಬಿದ್ದು ನಡುಗುವ ರಾಗಿ.

ಬೇಡ ಎಂದವನು ಓಬಯ್ಯನೇ. "ಒಂದು ಕೊಳಗ ಬಿದ್ದಿದ್ದಕ್ಕೇ ಬಿದ್ದು ಒದ್ದಾಡಿದ್ದು ಅದು. ಅಲ್ಲಿ ಇಪ್ಪತ್ತು ಮೇಳ ಬಡೀತಿರ್ತಾವೆ. ನನ್ನ ಮಾನ ಉಳ್ಸಾಕೆ ಅದರ ಪ್ರಾಣ ಯಾಕೆ? ಹೋಗೋದು ಬಿಟ್ರೆ ಬಿಟ್ಟಂಗಾತು."

ಕಟ್ಟಿಕೊಂಡ ಗಂಡನನ್ನು ಕಾಟಮ್ಮ ಅನೇಕ ಸಲ ಮೆಚ್ಚಿದ್ದಳು, ಹೆಚ್ಚಾಗಿ ಉರುಮೆ ಹೆಗಲಲ್ಲಿದ್ದಾಗ. ಉರುಮೆ ಇಳಿಸಿ ಕುಳಿತವನನ್ನು ಇಷ್ಟು ಮೆಚ್ಚಿದ್ದು ಆವತ್ತು.

ಬೆಳಿಗ್ಗೆ ಅವಳು ಕಾಫಿ ಲೋಟ ತಂದಾಗ ಅವನು ಬಿಳಿ ಅಂಗಿ, ಕೆಂಪು ರುಮಾಲು ಹಾಕಿಕೊಂಡು ಉರುಮೆಗೆ ಬಟ್ಟೆ ಸುತ್ತುತ್ತಿದ್ದ.

"ಹೋಗಾದಿಲ್ಲ ಅಂದ್ರಿ?"

"ಹೋಗಾಣ. ನೀನೂ ಹೊರಡು."

"ನಾನ್ಯಾಕೆ ಅಲ್ಲಿ?"

"ಹೊರಡೇ ಅಂದ್ರೆ," ಎಂದನೇ ಹೊರತು ಯಾಕೆಂದು ಹೇಳಲಿಲ್ಲ. ಅವಳು ಪೆಟ್ಟಿಗೆಗೆ ಸಜ್ಜೆ ಹಾಕಿ, ಒಂದು ಸೌತೆಕಾಯಿ ಹೋಳಿಟ್ಟು, ಒಳ್ಳೆಯ ಸೀರೆ ಉಟ್ಟು ಹೊರಟಳು.

ಚಿತ್ರದುರ್ಗದಲ್ಲಿ ಆಯ್ಕೆ ನಡೆಯುವ ಸಭಾಂಗಣದ ಹಿಂದೆ ಒಂದೊಂದು ಮೇಳವೂ ಒಂದೊಂದು ಬೆಂಕಿ ಹಾಕಿಕೊಂಡಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಗಾಳಿಯಲ್ಲಿ ಹನಿ ಇತ್ತು, ಚರ್ಮಕ್ಕೆ ಅದಕ್ಕಿಂತ ಕೆಟ್ಟ ಹವೆ ಇಲ್ಲ. ಇವರ ಮೇಳದ ಹೆಸರು ಕೂಗುವುದಕ್ಕೆ ಇನ್ನು ಎರಡೇ ಮೇಳಗಳಿದ್ದವು. ಹೆಂಗಸರು ನಿಲ್ಲುವ ಜಾಗವಲ್ಲ ಎಂದು ಕಾಟಮ್ಮ ಕಾಂಪೌಂಡಿನ ಗೋಡೆಗೆ ಒರಗಿ ನಿಂತಿದ್ದಳು.

ಓಬಯ್ಯ ಉರುಮೆಯನ್ನು ಕಾವಿಗೆ ಹಿಡಿದ. ತಿರುವಿ ತಿರುವಿ ಹಿಡಿದ. ತೊಡೆಗೇರಿಸಿ, ಕಡ್ಡಿಯಿಂದ ಉಜ್ಜಿ, ತಲೆ ಎತ್ತಿ ನೋಡಿದ. ನೋಡಿದ್ದು ಮಾರುತೇಶನನ್ನಲ್ಲ, ಗೋಡೆಗೊರಗಿದ್ದ ಹೆಂಡತಿಯನ್ನು.

ಕಾಟಮ್ಮನಿಗೆ ಅರ್ಥವಾಯಿತು. ಬಂದಿದೆಯೋ ಇಲ್ಲವೋ ಎಂದು ತಿಳಿಸಬೇಕಾದವಳು ಅವಳು. ಇಲ್ಲಿ ನವಣೆ ಇಲ್ಲ, ರಾಗಿ ಇಲ್ಲ, ತಪ್ಪಿದರೆ ತಿದ್ದುವವರಿಲ್ಲ. ಸುತ್ತ ಇಪ್ಪತ್ತು ಮೇಳದ ಗದ್ದಲ. ಅವಳು ಕಣ್ಣು ಮುಚ್ಚಿಕೊಂಡಳು. ಆ ಗದ್ದಲದ ಕೆಳಗಿನಿಂದ ತನ್ನ ಅಂಗಳದ ಉರುಮೆ ಕೇಳಿಸಿತು. ಬಂದಿರಲಿಲ್ಲ. ಅವಳು ಅಲುಗಲಿಲ್ಲ.

ಓಬಯ್ಯ ಮತ್ತೆ ಕಾಯಿಸಿದ. ಈ ಸಲ ಗುಂಗು ಅರ್ಧ ಏರಿ ನಿಂತಿತು. ಅವಳು ಆಗಲೂ ಅಲುಗಲಿಲ್ಲ. ಒಳಗಿಂದ ಯಾರೋ ಮುಂದಿನ ಮೇಳ ತಯಾರಾಗಲಿ ಎಂದು ಕೂಗಿದರು. ಮಾರುತೇಶನ ಮುಖ ಬಾಡಿತು. ಓಬಯ್ಯನಿಗೆ ಮಾತ್ರ ಅವಸರವಿರಲಿಲ್ಲ. ಕೆಂಡದ ಮೇಲೆ ಇನ್ನೊಂದು ಹಿಡಿ ಒಣ ಗರಿ ಹಾಕಿ, ಚರ್ಮವನ್ನು ಅಂಗೈಯಿಂದ ಸವರಿ, ಮೂರನೆಯ ಸಲ ಉಜ್ಜಿದ.

ನೆಲದಿಂದ ಎದ್ದು ಬಂದಿತು ಆ ಸದ್ದು. ಪಾದದಿಂದ ಮಂಡಿಗೆ, ಮಂಡಿಯಿಂದ ಬೆನ್ನಿಗೆ. ಕಾಟಮ್ಮ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಹೇಳಬೇಕು. ಆದರೆ ಆ ಮಾತು ಅವಳದಲ್ಲ, ಮೇಳದ ಹಿರಿಯನದು. ಅವಳಿಗೆ ತಿಳಿಯುವ ಮೊದಲೇ ಬಲಗಾಲು ಮೇಲೆದ್ದಿತು. ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿದಳು.

ಓಬಯ್ಯನ ಮೀಸೆಯಡಿ ನಗು ಹರಡಿತು.

"ಬಂತು," ಎಂದ.

ಐದು ಜನ ಹುರಿಗೆ ಕೈ ಹಾಕಿದರು. ಈ ಸಲ ಯಾರೂ ಸಡಿಲಿಸಲಿಲ್ಲ, ಎಳೆದು ಬಿಗಿ ಮಾಡಿಕೊಂಡರು. ಆಮೇಲೆ ಒಳಗೆ ಅವರು ಬಾರಿಸಿದ್ದನ್ನು ಕಾಟಮ್ಮ ಬಾಗಿಲಲ್ಲಿ ನಿಂತೇ ಕೇಳಿದಳು. ಮೊದಲ ಸಾಲಿನಲ್ಲಿ ಕುಳಿತ ತಿಳಿದವರು ಬರೆಯುವುದನ್ನು ಬಿಟ್ಟು ತಲೆ ಎತ್ತಿದ್ದನ್ನೂ ನೋಡಿದಳು. ಆಯ್ಕೆಯ ಪಟ್ಟಿ ಮುಂದಿನ ವಾರ ಎಂದರು. ಯಾರಿಗೂ ಅದರ ಚಿಂತೆ ಇದ್ದಂತೆ ಕಾಣಲಿಲ್ಲ.

ಹಿರಿಯೂರಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು. ಅವನ ತೊಡೆಯ ಮೇಲೆ ಉರುಮೆ, ಅವಳ ತೊಡೆಯ ಮೇಲೆ ಸಂತೆಪೇಟೆಯಲ್ಲಿ ಕೊಂಡ ಸೂರ್ಯಕಾಂತಿ ಬೀಜದ ಪೊಟ್ಟಣ. ಊರು ಹತ್ತಿರವಾದಾಗ ಅವಳು ಅವನ ಕಿವಿಗೆ ಬಾಯಿಟ್ಟು ಕೇಳಿದಳು.

"ನನಗೆ ತಿಳೀತದೆ ಅಂತ ನಿಮಗೆ ಹೆಂಗ್ ಗೊತ್ತಾತು? ಗೊತ್ತಿದ್ದಿದ್ದು ಇಲಿಗೆ."

"ಆರು ದಿನ ನೋಡಿದೀನಲ್ಲೇ," ಎಂದ ಓಬಯ್ಯ. "ನವಣೆ ಎದ್ದು ನಿಲ್ಲಾದು ಆಮೇಲೆ. ಅದಕ್ಕೆ ಮುಂಚೆ ನಿನ್ನ ಮೊರ ನಿಂತಿರ್ತಿತ್ತು."

ಕಾಟಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಐಮಂಗಲ ಬರುವವರೆಗೂ ಅವಳು ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು.